ಕೊಂಬಿನ ಗೂಬೆಗೆ ಕಾವಲು

ಸುನಿಲ್‌ಕುಮಾರ್ ಹಕ್ಕಿಗಳನ್ನು ಕಲಿತದ್ದು ಕಾಯುತ್ತ ಕೂತು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು ಬಾಡಿಗೆ ಸಿಗುವ ತನಕ ದೇವನಹಳ್ಳಿಯ ಬಯಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಮಿಕ್ಕ ಡ್ರೈವರುಗಳು ಸೀಟು ಹಿಂದಕ್ಕೆ ವಾಲಿಸಿ ಮಲಗುತ್ತಿದ್ದರು, ಇಲ್ಲವೇ ಮೊಬೈಲು ನೋಡುತ್ತಿದ್ದರು. ಇವನು ತಂತಿಯ ಮೇಲೆ ಬಂದು ಕೂರುವ ನೀಲಕಂಠವನ್ನು, ನೀರಿನ ಕುಂಟೆಯ ಅಂಚಿನಲ್ಲಿ ಗಲಾಟೆ ಎಬ್ಬಿಸುವ ಟಿಟ್ಟಿಭಗಳನ್ನು ನೋಡುತ್ತಿದ್ದ. ಒಮ್ಮೆ ಪ್ರಯಾಣಿಕರೊಬ್ಬರು ಇವನ ಹುಚ್ಚು ಕಂಡು ತಮ್ಮ ಹಳೆಯ ದುರ್ಬೀನನ್ನೇ ಕೊಟ್ಟು ಹೋದರು. ಆರು ವರ್ಷ ಕಳೆಯುವಷ್ಟರಲ್ಲಿ ಮಧುರೆ ಎಂಬ ಹಳ್ಳಿಯ ಈ ರೈತರ ಮಗ ಬರೀ ಕೂಗು ಕೇಳಿ ಹಕ್ಕಿಯ ಹೆಸರು ಹೇಳುವಂತಾದ.

ಈ ಸಲದ ಫೆಬ್ರವರಿಯಲ್ಲಿ ಮೊದಲ ಬಾರಿಗೆ ತಾನೇ ಒಂದು ಗುಂಪನ್ನು ಹಕ್ಕಿ ನೋಡಲು ಕರೆದೊಯ್ಯುವ ಧೈರ್ಯ ಮಾಡಿದ. ಬೆಂಗಳೂರಿನಿಂದ ಐದು ಮಂದಿ ಬರುವವರಿದ್ದರು. ಶಿವಗಂಗೆ ಬೆಟ್ಟದ ಹಿಂಬದಿಯ ಬಂಡೆಗಾಡಿನಲ್ಲಿ ಹಳದಿ ಕತ್ತಿನ ಪಿಕಳಾರವನ್ನು ತೋರಿಸುವುದಾಗಿ ಅವನು ಮಾತು ಕೊಟ್ಟಿದ್ದ. ಅದು ನಾಚಿಕೆಯ ಹಕ್ಕಿ, ಬಂಡೆ ಕುರುಚಲುಗಳ ಬೆಟ್ಟ ಬಿಟ್ಟು ಕೆಳಗಿಳಿಯುವುದಿಲ್ಲ.

ಶಿವಗಂಗೆ ಎಂಬ ಹೆಸರು ಅವನ ಅತ್ತೆ ಮುನಿತಾಯಮ್ಮನ ಕಿವಿಗೆ ಬಿದ್ದದ್ದೇ ತಡ, ತಮ್ಮೂರು ರಾಜಘಟ್ಟದಿಂದ ಹಿಂದಿನ ದಿನವೇ ಬಂದಿಳಿದರು. ಬೆಳಗಿನ ಐದಕ್ಕೆಲ್ಲ ಮಿಂದು, ಹಳದಿ ಸೀರೆ ಉಟ್ಟು, ಹಣ್ಣುಕಾಯಿಯ ಚೀಲ ಹಿಡಿದು ಕಾರಿನ ಪಕ್ಕ ನಿಂತಿದ್ದರು.

"ಹಕ್ಕಿ ನೀವು ನೋಡ್ಕಳಿ, ಆಮೇಲೆ ನಂಗೆ ದೇವ್ರು ತೋರ್ಸಿ," ಎಂದರು.

ಹೆಂಡತಿ ದಿವ್ಯ ಅವತ್ತು ಫ್ಯಾಕ್ಟರಿಗೆ ಹೋಗಲೇಬೇಕಿತ್ತು. ಗಂಡನನ್ನು ಬಾಗಿಲ ಬಳಿ ತಡೆದು, "ಅಮ್ಮನ್ನ ಹುಷಾರಾಗಿ ಕರ್ಕೊಂಡ್ ಬನ್ನಿ. ಬಂಡೆ ಗಿಂಡೆ ಹತ್ತಿಸ್ಬೇಡಿ," ಎಂದಳು.

"ನಾನಿಲ್ವಾ?" ಎಂದ ಸುನಿಲ್.

ಬೆಟ್ಟದ ಬುಡದ ಚಹಾ ಅಂಗಡಿಯಲ್ಲಿ ಬೆಂಗಳೂರಿನವರು ಸೇರಿಕೊಂಡರು. ಅಲ್ಲೇ ಸಿಕ್ಕ ಅರಣ್ಯ ಇಲಾಖೆಯ ವಾಚರ್ ಕಾಂತರಾಜು, ಸುನಿಲನನ್ನು ಪಕ್ಕಕ್ಕೆ ಕರೆದು ಹೇಳಿದ: "ಮೊನ್ನೆ ಈ ಕಡೆಯಿಂದ ಚಿರತೆ ಒಂದು ನಾಯಿ ಎತ್ಕೊಂಡ್ ಹೋಗೈತೆ ಗುರು. ಹಗಲೊತ್ತು ಏನೂ ಮಾಡಲ್ಲ. ಆದ್ರೂ ಗುಂಪು ಬಿಟ್ಟು ಯಾರೂ ಹೋಗ್ದಂಗೆ ನೋಡ್ಕೋ."

ಸುನಿಲ್ ಎಲ್ಲರಿಗೂ ಅದನ್ನು ಹೇಳಿದ. ಅತ್ತೆಗೂ ಹೇಳಿದ. ಅವರು ತಲೆಯಾಡಿಸಿದರು.

ಪಿಕಳಾರ ಅವನ ಮಾನ ಉಳಿಸಿತು. ಅರ್ಧ ಗಂಟೆ ನಡೆಯುವಷ್ಟರಲ್ಲಿ ಗೋಣಿಮರದ ಹಣ್ಣಿಗೆ ಜೋಡಿಯಾಗಿ ಬಂದು ಕೂತಿತು. ಬೆಳಗಿನ ಎಳೆಬಿಸಿಲಿಗೆ ಅದರ ಕತ್ತು ಅರಿಶಿನ ಮೆತ್ತಿದಂತೆ ಹೊಳೆಯುತ್ತಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಮಾನಸ ಎಂಬುವವರು ಕ್ಯಾಮೆರಾ ಒತ್ತುವುದನ್ನೇ ಮರೆತು ಬಾಯಿ ತೆರೆದು ನಿಂತರು. ನಿವೃತ್ತ ಪೋಸ್ಟ್‌ಮಾಸ್ಟರ್ ವೆಂಕಟರಮಣಪ್ಪನವರು, "ಏಳು ವರ್ಷದಿಂದ ಹುಡುಕ್ತಿದ್ದೆ ಕಣಪ್ಪ ಇದನ್ನ," ಎಂದು ಸುನಿಲನ ಭುಜ ಹಿಡಿದು ಅಲ್ಲಾಡಿಸಿದರು. ಇಪ್ಪತ್ತು ನಿಮಿಷ ಯಾರಿಗೂ ಬೇರೆ ಯಾವುದರ ಮೇಲೂ ಗಮನವಿರಲಿಲ್ಲ.

ಹಕ್ಕಿಗಳು ಹಾರಿಹೋದ ಮೇಲೆ ಸುನಿಲ್ ಹಿಂದಕ್ಕೆ ತಿರುಗಿ ಎಣಿಸಿದ. ಐದು ಜನರಿದ್ದರು. ಅತ್ತೆ ಇರಲಿಲ್ಲ.

"ಅತ್ತೇ!"

ಬಂಡೆಗಳು ಅವನ ಕೂಗನ್ನೇ ಅವನಿಗೆ ವಾಪಸು ಕೊಟ್ಟವು. ಅವರ ಮೊಬೈಲಿಗೆ ಫೋನ್ ಮಾಡಬೇಕೆಂದುಕೊಂಡವನಿಗೆ, ಅದನ್ನು ಅವರು ಹಣ್ಣುಕಾಯಿ ಚೀಲದ ಜೊತೆ ಕಾರಿನಲ್ಲೇ ಬಿಟ್ಟದ್ದು ನೆನಪಾಯಿತು. ಎಲ್ಲರೂ ಒಟ್ಟಾಗಿ ಬಂದ ದಾರಿಯಲ್ಲಿ ಹಿಂದಕ್ಕೆ ನಡೆದರು. ತಿರುವಿನಲ್ಲಿ ಒಂದು ಎಲಚಿ ಗಿಡವಿತ್ತು. ಅದರ ಕೆಳಗೆ ಹೊಸದಾಗಿ ಕಿತ್ತ ಹಣ್ಣುಗಳು ಚೆಲ್ಲಾಡಿದ್ದವು. ಅಲ್ಲಿಂದ ಒಂದು ಕಡೆ ಇಳಿಜಾರು; ಮಣ್ಣು ಕೆರೆದ ಗುರುತು ಪೊದೆಗಳ ನಡುವೆ ಕೆಳಗಿಳಿದು ಕಾಣದಾಗಿತ್ತು.

"ಏನೋ ಎಳ್ಕೊಂಡು ಹೋದಂಗಿದೆ," ಎಂದು ಗುಂಪಿನಲ್ಲಿ ಯಾರೋ ಅಂದರು. ವೆಂಕಟರಮಣಪ್ಪನವರು ಅವರನ್ನು ದುರುಗುಟ್ಟಿ ನೋಡಿದರು.

ಅಷ್ಟರಲ್ಲಿ ಕೆಳಗಿನ ಕಂದರದಿಂದ ಗದ್ದಲ ಕೇಳಿಸಿತು. ಕಾಗೆಗಳು, ಪಿಕಳಾರಗಳು, ಹರಟೆಮಲ್ಲಗಳು ಎಲ್ಲ ಒಂದೇ ಕಡೆ ಸೇರಿ ಅರಚುತ್ತಿದ್ದವು. ಬೇಟೆಯ ಪ್ರಾಣಿಯನ್ನು ಕಂಡರೆ ಹಕ್ಕಿಗಳು ಹೀಗೆ ಕೂಗುತ್ತವೆ ಎಂದು ಬೆಳಗ್ಗೆಯಷ್ಟೇ ಅವನು ಎಲ್ಲರಿಗೂ ವಿವರಿಸಿದ್ದ. ಹಾವು ಕಂಡರೆ, ಗೂಬೆ ಕಂಡರೆ, ಚಿರತೆ ಕಂಡರೆ.

"ನೀವೆಲ್ಲ ಇಲ್ಲೇ ಒಟ್ಟಿಗೆ ನಿಂತಿರಿ. ಯಾರೂ ಅಲ್ಲಾಡ್ಬೇಡಿ," ಎಂದು ಹೇಳಿ, ಒಂದು ಕೋಲು ಮುರಿದುಕೊಂಡು ಇಳಿದ. ದಿವ್ಯಳ ಮುಖ ಕಣ್ಣ ಮುಂದೆ ಬಂತು. 'ನಾನಿಲ್ವಾ' ಎಂದಿದ್ದನಲ್ಲ! ಮುಳ್ಳು ತೋಳನ್ನು ಗೀರಿದ್ದು ಅವನಿಗೆ ತಿಳಿಯಲಿಲ್ಲ.

ಹತ್ತು ಮಾರು ಇಳಿದ ಮೇಲೆ ಹಳದಿ ಸೀರೆ ಕಂಡಿತು. ಮುನಿತಾಯಮ್ಮ ಬಂಡೆಗೆ ಒರಗಿ, ಅತ್ತ ಮುಖ ಮಾಡಿ ಕೂತಿದ್ದರು. ಅಲುಗಾಟವಿಲ್ಲ.

"ಅತ್ತೆ..." ಎಂದ.

ಅವರು ತಿರುಗದೆ ಬಲಗೈ ಎತ್ತಿ, ಅಂಗೈಯನ್ನು ಅವನ ಕಡೆ ತೋರಿಸಿದರು. ಸದ್ದು ಮಾಡಬೇಡ ಎಂಬಂತೆ.

ಆ ಕೈ ಕಂಡದ್ದೇ ಸುನಿಲ್ ನಿಂತಲ್ಲೇ ಕೂತುಬಿಟ್ಟ. ಮೈಯೆಲ್ಲ ಹಗುರಾಯಿತು. ಸ್ವಲ್ಪ ಹೊತ್ತಿನ ಮೇಲೆ ತೆವಳಿಕೊಂಡು ಅವರ ಪಕ್ಕಕ್ಕೆ ಹೋದ.

"ನಾವು ಅಷ್ಟು ಕೂಗಿದ್ವಲ್ಲ ಅತ್ತೆ. ಕೇಳಿಸ್ಲಿಲ್ವಾ?" ಎಂದು ಪಿಸುಗುಟ್ಟಿದ.

"ಕೇಳಿಸ್ತು. ಹೆಂಗಪ್ಪ ಓಗೊಡ್ಲಿ? ಅಲ್ನೋಡಿ."

ಎದುರಿನ ಬಂಡೆಯ ಗೂಡಿನಂಥ ಬಿರುಕಿನಲ್ಲಿ ದೊಡ್ಡದೊಂದು ಕೊಂಬಿನ ಗೂಬೆ ಕೂತಿತ್ತು. ತಲೆಯ ಮೇಲೆ ಎರಡು ಗರಿಯ ಕೊಂಬು, ಕೆಂಡದಂಥ ಕಣ್ಣು. ಅದರ ಎದೆಯ ಕೆಳಗಿಂದ ಹತ್ತಿಯುಂಡೆಯಂಥ ಎರಡು ಮರಿಗಳು ಇಣುಕುತ್ತಿದ್ದವು. ಮೇಲಿನ ಒಣಮರದಲ್ಲಿ ನಾಲ್ಕು ಕಾಗೆಗಳು ಕತ್ತು ಕೊಂಕಿಸಿ ಕಾಯುತ್ತಿದ್ದವು.

"ಮನೇಲಿರೋ ಮೊಮ್ಮಗಳಿಗೆ ನಾಕು ಎಲಚಿ ಹಣ್ಣು ಕೀಳನ ಅಂತ ನಿಂತೆ. ಕಾಲು ಜಾರಿ ಇಲ್ಗಂಟ ಬಂದ್ಬಿಟ್ಟೆ. ನಾ ಬಿದ್ದ ಸದ್ದಿಗೆ ತಾಯಿ ಹೆದರ್ಕಂಡು ಎದ್ದೋಯ್ತು. ತಕ್ಷಣ ಕಾಗೆ ಮುಕ್ಕರ್ಕಂಡ್ವು ಕಣಪ್ಪ. ಕಲ್ಲು ಬೀರಿ ಬೀರಿ ಕೈ ಸೋತೋಯ್ತು. ಈಗಷ್ಟೇ ವಾಪಸ್ ಬಂದು ಕೂತೈತೆ. ನಾ ಕೂಗಿದ್ರೆ ಮತ್ತೆ ಎದ್ದೋಗಿರೋದು."

"ನಿಮಗೇನಾದ್ರೂ ಆಗಿದ್ರೆ ನಾನು ದಿವ್ಯಂಗೆ ಏನ್ ಹೇಳ್ತಿದ್ದೆ?"

"ಕಾಲು ಉಳುಕೈತೆ ಅಷ್ಟೇ." ಆಗ ಅವರು ಅಳಿಯನ ಮುಖ ನೋಡಿದರು. "ಇದೇನು, ಅಳ್ತಿದ್ದೀರಾ?"

"ಇಲ್ಲ, ಬೆವರು."

ಮುನಿತಾಯಮ್ಮ ಸೆರಗಿನ ಅಂಚನ್ನು ಅವನ ಕಡೆ ಚಾಚಿದರು. ಸುನಿಲ್ ಮುಖ ಒರೆಸಿಕೊಂಡ. ಮದುವೆಯಾದ ಈ ಹನ್ನೊಂದು ವರ್ಷದಲ್ಲಿ ಅವರಿಬ್ಬರ ನಡುವೆ 'ಊಟ ಆಯ್ತಾ' ಎಂಬುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

"ಗೂಬೆ ಕಂಡ್ರೆ ಕೆಡುಕು ಅಂತ ಊರಲ್ಲಿ ನಾನೇ ಅಟ್ಟಾಡ್ಸಿ ಓಡಿಸ್ತಿದ್ದೆ," ಎಂದರು ಅವರು ಮೆಲ್ಲಗೆ. "ಇವತ್ತು ಅದು ನನ್ನನ್ನೇ ನೋಡ್ಕಂಡು ಮರಿ ಮೇಲೆ ರೆಕ್ಕೆ ಹಾಸ್ತು. ನಾನೇನ್ ಮಾಡ್ಲಿ, ಕೂತ್ಬಿಟ್ಟೆ."

ಗೂಬೆ ಜಾಗ ಬಿಡದೆ ಮರಿಗಳನ್ನು ಕಾವಿಗೆ ಎಳೆದುಕೊಂಡಿತು. ಕಾದು ಬೇಸತ್ತ ಕಾಗೆಗಳು ಒಂದೊಂದಾಗಿ ಹಾರಿಹೋದವು. ಆಮೇಲೆ ಇಬ್ಬರೂ ಹಿಂದೆ ಸರಿದರು. ಮುನಿತಾಯಮ್ಮ ಕೋಲೂರಿ ಕುಂಟುತ್ತ ಸ್ವಲ್ಪ ದೂರ ಬಂದರು. ಕಡಿದಾದ ಏರು ಬಂದಾಗ ಉಳುಕಿದ ಕಾಲು ಮಾತು ಕೇಳಲಿಲ್ಲ. ಸುನಿಲ್ ಬೆನ್ನು ಕೊಟ್ಟು ಕೂತ.

"ಅಯ್ಯೋ, ಅಳಿಯನ ಬೆನ್ನೇರೋದಾ? ಆಗಲ್ಲಪ್ಪ!"

"ಬೇರೆ ದಾರಿ ಇಲ್ಲ ಅತ್ತೆ. ಬನ್ನಿ."

"ಊರಲ್ಲಿ ಯಾರಿಗೂ ಹೇಳ್ಬಾರ್ದು ಮತ್ತೆ."

ಬೆನ್ನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಅವರು ಮೊದಲು ಗೊಣಗಿದರು, ಆಮೇಲೆ ನಗತೊಡಗಿದರು. ಆ ನಗು ಅವನ ಬೆನ್ನಿಗೂ ಇಳಿದು, ಅವನೂ ಏದುಸಿರು ಬಿಡುತ್ತ ನಗುತ್ತಲೇ ಹತ್ತಿದ. ಮೇಲೆ ಕಾದಿದ್ದವರು ಅವರನ್ನು ಕಂಡು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಮಾನಸ ಓಡಿಬಂದು ನೀರು ಕುಡಿಸಿದರು. ವೆಂಕಟರಮಣಪ್ಪನವರು ತಮ್ಮ ಟವೆಲ್ಲು ಹರಿದು ಕಾಲಿಗೆ ಬಿಗಿಯಾಗಿ ಕಟ್ಟಿದರು.

ಗೂಬೆಯ ವಿಷಯ ಕೇಳಿ ಎಲ್ಲರ ಕಣ್ಣು ಅರಳಿತು. "ಒಂದೇ ಒಂದು ಫೋಟೋ ತೆಗೆದು ಬಂದ್ಬಿಡ್ತೀನಿ," ಎಂದರು ಮಾನಸ.

ಸುನಿಲ್ ಉತ್ತರ ಕೊಡುವ ಮೊದಲೇ ಮುನಿತಾಯಮ್ಮ, "ಬಾಣಂತಿ ಕೋಣೆಗೆ ಯಾರಾದ್ರೂ ನುಗ್ತಾರಾ ತಾಯಿ?" ಎಂದರು. ಮಾನಸ ಕ್ಯಾಮೆರಾ ಚೀಲಕ್ಕೆ ಹಾಕಿದರು.

ದೇವರ ದರ್ಶನ ಇನ್ನೊಂದು ದಿನಕ್ಕೆ ಉಳಿಯಿತು. ನೆಲಮಂಗಲದ ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿ, ಎಕ್ಸ್‌ರೇ ತೆಗೆಸಿ ನೋಡಿ, "ಮೂಳೆಗೇನೂ ಆಗಿಲ್ಲ, ವಾರ ರೆಸ್ಟ್ ಮಾಡಿದ್ರೆ ಸರಿಹೋಗುತ್ತೆ," ಎಂದರು. ಸುನಿಲ್ ಹೊರಗೆ ಬಂದು ದಿವ್ಯಳಿಗೆ ಫೋನ್ ಮಾಡಿ, ಏನನ್ನೂ ಬಚ್ಚಿಡದೆ ಹೇಳಿದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ.

"ನಿಜವಾಗ್ಲೂ ಅಮ್ಮ ನಿಮ್ಮ ಬೆನ್ನ ಮೇಲೆ ಕೂತ್ರಾ?" ಎಂದು ಕೇಳಿದಳು ದಿವ್ಯ.

"ಹೂಂ."

"ನಕ್ಕರಾ?"

"ದಾರಿಯುದ್ದಕ್ಕೂ."

ದಿವ್ಯಳೂ ನಗತೊಡಗಿದಳು, ನಗುವಿನ ನಡುವೆ ಮೂಗು ಸೆಳೆಯುವ ಸದ್ದೂ ಕೇಳಿಸಿತು. ಫೋನ್ ಇಟ್ಟ ಮೇಲೆ ಸುನಿಲನಿಗೆ ತಾನು ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಎದುರಿನ ಹೋಟೆಲಿನಿಂದ ಬಿಸಿಬಿಸಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದ. ಅತ್ತೆ ಅಳಿಯ ಇಬ್ಬರೂ ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಗಾಳಿಗೆ ಮೈಯೊಡ್ಡಿ, ಒಂದೇ ಪೊಟ್ಟಣದಿಂದ ಚಟ್ನಿ ಹಂಚಿಕೊಂಡು ತಿಂದರು.