ಹದಿನಾಲ್ಕನೇ ಕೋಣೆಯ ಚಿಲಕ

“ಇವರೇ! ಅಕ್ಕಾ, ಇವರೇ ನೋಡು ಆ ಮೇಡಂ!”

ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದ ಗಣಿತದ ಮೇಡಂ ಅರ್ಧ ಬಗ್ಗಿದವರು ಹಾಗೆಯೇ ನಿಂತುಬಿಟ್ಟರು. ಕೂಗಿದವನು ತೀರಿಕೊಂಡವರ ಹೆಂಡತಿಯ ತಮ್ಮ. ತಬ್ಬಿ ಹಿಡಿದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಅಲ್ಲೇ ದೊಪ್ಪನೆ ಇಳಿಸಿ, ಬಂದು ಮೇಡಂ ಕೈ ಹಿಡಿದುಕೊಂಡ.

“ಹಿಂದೆ ಯಾಕೆ ಕೂರ್ತೀರಿ? ನಡೀರಿ ಮುಂದಕ್ಕೆ. ನಮ್ಮ ಭಾವನ ಮಾತು ಉಳಿಸಿದವರು ನೀವು.”

ಕುಳಿತಿದ್ದವರ ತಲೆಗಳೆಲ್ಲ ಇತ್ತ ತಿರುಗಿದವು. ಯಾರೋ ಎದ್ದು ದಾರಿ ಬಿಟ್ಟರು. ಯಾರೋ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರು. ಮೇಡಂಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವರು ಬಂದಿದ್ದು ಸತ್ತವರ ಹೆಂಡತಿಗೆ ಒಂದೇ ಒಂದು ಮಾತು ಹೇಳಲು. ಮೊನ್ನೆಯಿಂದ ಆ ಮಾತನ್ನು ಮನಸ್ಸಿನಲ್ಲೇ ಹೊತ್ತು ತಿರುಗಿದ್ದರು.

ಊರಿನ ತುಂಬ ಹಬ್ಬಿದ್ದ ಕತೆಯೇ ಬೇರೆ. ಬಂದೂಕು ಹಿಡಿದು ಕಾಲೇಜಿಗೆ ನುಗ್ಗಿದವನು ಕೀಲಿಯಣ್ಣನ, ಅಂದರೆ ಈಗ ತೀರಿಕೊಂಡವರ, ಬೆನ್ನಿಗೆ ನಳಿಗೆ ಒತ್ತಿ, ಬಾಗಿಲು ತೆಗೆಸು ಎಂದು ಹದಿನಾಲ್ಕನೇ ಕೋಣೆಯ ಮುಂದೆ ನಿಲ್ಲಿಸಿದನಂತೆ. ಕೀಲಿಯಣ್ಣ ಕರೆದರೂ ಒಳಗಿದ್ದ ಮೇಡಂ ಮರುಳಾಗಲಿಲ್ಲವಂತೆ. ಅದಕ್ಕೇ ಮೂವತ್ತೇಳು ಮಕ್ಕಳು ಬದುಕಿದವಂತೆ. ಈ ಕತೆಯನ್ನು ಯಾರು ಕಟ್ಟಿದರೋ! ಕಟ್ಟಿದವರು ಮಾತ್ರ ಕಾಲೇಜಿನ ಕ್ಯಾಮೆರಾ ನೋಡಿರಲಿಲ್ಲ.

ಮೇಡಂ ನೋಡಿದ್ದರು. ಇನ್ಸ್‌ಪೆಕ್ಟರ್ ಮೊನ್ನೆ ಹೇಳಿಕೆ ಬರೆಸಿಕೊಳ್ಳುವಾಗ ತೋರಿಸಿದ್ದರು. ಉದ್ದನೆಯ ಖಾಲಿ ಮೊಗಸಾಲೆ. ಬಾಗಿಲ ಮುಂದೆ ಕೀಲಿಯಣ್ಣ ಒಬ್ಬರೇ. ಹಿಂದೆ ಯಾರೂ ಇಲ್ಲ. ಪೂರ್ತಿ ನಲವತ್ತು ಸೆಕೆಂಡು ಯಾರೂ ಇಲ್ಲ. ಬಂದೂಕಿನವನು ಇನ್ನೂ ಕೆಳಗಿನ ಅಂತಸ್ತಿನಲ್ಲಿದ್ದ. “ನೀವು ನಿಯಮದ ಪ್ರಕಾರವೇ ನಡ್ಕೊಂಡಿದ್ದೀರಿ, ನಿಮ್ಮ ತಪ್ಪೇನೂ ಇಲ್ಲ,” ಎಂದು ಇನ್ಸ್‌ಪೆಕ್ಟರ್ ನೀರಿನ ಲೋಟ ಮುಂದಿಟ್ಟಿದ್ದರು.

*

ಇಪ್ಪತ್ತಾರು ವರ್ಷ ಬೆಳಿಗ್ಗೆ ಕಾಲೇಜಿನ ಕೋಣೆಗಳ ಬೀಗ ತೆಗೆದು ಸಂಜೆ ಹಾಕುತ್ತಿದ್ದ ಅಟೆಂಡರ್ ಎಲ್ಲರ ಬಾಯಲ್ಲೂ ಕೀಲಿಯಣ್ಣ ಆಗಿದ್ದರು. ಪರೀಕ್ಷೆಯ ದಿನ ಮರೆತು ಬಂದವರಿಗೆ ಅವರ ಜೇಬಿನಲ್ಲಿ ಪೆನ್ನು ಇರುತ್ತಿತ್ತು. ತಡವಾಗಿ ಬಂದವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟು, ನಾಳೆ ಬಿಡೋದಿಲ್ಲ ನೋಡಿ ಎಂದು ಪ್ರತಿದಿನವೂ ಗದರುತ್ತಿದ್ದರು.

ಎರಡು ವರ್ಷದ ಹಿಂದೆ ಮೇಲಿನಿಂದ ಆದೇಶ ಬಂತು. ಎಲ್ಲ ತರಗತಿಗಳಿಗೂ ಒಳಚಿಲಕ ಇರಬೇಕು, ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂದು ವರ್ಷಕ್ಕೆ ಮೂರು ಸಲ ತಾಲೀಮು ನಡೆಯಬೇಕು. ಉಳಿದವರು ಅದನ್ನು ಓದಿ ಸಹಿ ಹಾಕಿ ಕೈತೊಳೆದುಕೊಂಡರು. ಕೀಲಿಯಣ್ಣ ಮಾತ್ರ ಆದೇಶವನ್ನು ಮೈಮೇಲೆ ಎಳೆದುಕೊಂಡರು. ಗೇಣುದ್ದದ ಕಬ್ಬಿಣದ ಚಿಲಕಗಳನ್ನು ತಾವೇ ಕೂರಿಸಿದರು. ಬಾಗಿಲ ಗಾಜಿಗೆ ಕಪ್ಪು ಕಾಗದ ಅಂಟಿಸಿದರು. ಪ್ರತಿ ತರಗತಿಗೂ ಹೋಗಿ ಹೇಳಿದರು:

“ಲೈಟ್ ಆರಿಸಿ, ಫೋನ್ ಸದ್ದು ತೆಗೀರಿ, ಗೋಡೆಗೆ ಒರಗಿ ಕೆಳಗೆ ಕೂತ್ಕೊಳ್ಳಿ. ಆಮೇಲೆ ಯಾರು ಕರೆದ್ರೂ ತೆಗೀಬೇಡಿ. ನಾನು ಕರೆದ್ರೂ ತೆಗೀಬೇಡಿ. ನನ್ನ ಬೆನ್ನಿಗೆ ಗನ್ ಇಟ್ಟು ನನ್ನ ಬಾಯಿಂದಲೇ ಕರೆಸ್ತಾರೆ. ಪೊಲೀಸರು ಬಂದು ಮೈಕಿನಲ್ಲಿ ಹೇಳೋವರೆಗೂ ಚಿಲಕ ಮುಟ್ಟಬೇಡಿ.”

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಬಿಡಲಿಲ್ಲ. ತಾಲೀಮಿನ ದಿನ ಬಾಗಿಲು ಬಾಗಿಲಿಗೂ ಹೋಗಿ ತಟ್ಟಿ ಪರೀಕ್ಷೆ ಮಾಡುತ್ತಿದ್ದರು. “ಮೇಷ್ಟ್ರೇ, ಬಿಸಿ ಟೀ ತಂದಿದ್ದೀನಿ, ಆರಿಹೋಗುತ್ತೆ,” ಅಂದದ್ದಕ್ಕೆ ಇತಿಹಾಸದ ಮೇಷ್ಟ್ರು ಚಿಲಕ ತೆಗೆದೇ ಬಿಟ್ಟಿದ್ದರು. ಕೀಲಿಯಣ್ಣ ಎರಡು ಬೆರಳು ಬಂದೂಕಿನಂತೆ ಚಾಚಿ, “ಢಂ! ನೀವೂ ಹೋದ್ರಿ, ಟೀನೂ ಹೋಯ್ತು,” ಅಂದಿದ್ದರು. ಕಾಲೇಜು ಒಂದು ತಿಂಗಳು ನಕ್ಕಿತ್ತು.

ಗಣಿತದ ಮೇಡಂ ಬಾಗಿಲಿಗೂ ಬಂದಿದ್ದರು. “ಮೇಡಂ, ಎದೆ ಯಾಕೋ ಹಿಂಡ್ತಿದೆ. ಒಬ್ಬನೇ ಇದ್ದೀನಿ. ಸ್ವಲ್ಪ ತೆಗೀರಿ.” ಮೇಡಂ ಓಡಿಹೋಗಿ ತೆಗೆದಿದ್ದರು. ಆ ಸಲ ಕೀಲಿಯಣ್ಣ ನಗಲಿಲ್ಲ.

“ನಿಮ್ಮ ಕರುಣೆಗೆ ಮೂವತ್ತೇಳು ಮಕ್ಕಳು ಹೋದ್ವು, ಮೇಡಂ.”

ಮಕ್ಕಳ ಮುಂದೆ ಮುಖಕ್ಕೆ ಹೊಡೆದಂತಾಗಿತ್ತು. ಸಂಜೆ ಕೀಲಿಯಣ್ಣ ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತರು. “ಬೇಜಾರು ಮಾಡ್ಕೋಬೇಡಿ. ನಿಮ್ಮದು ಬೆಣ್ಣೆ ಮನಸ್ಸು. ಆ ದಿನ ಬಂದ್ರೆ ಮಾತ್ರ ಕಲ್ಲು ಮಾಡ್ಕೊಳ್ಳಿ. ಮಾತು ಕೊಡಿ.” ಮೇಡಂ ಮಾತು ಕೊಟ್ಟಿದ್ದರು.

ಮುಂದಿನ ತಾಲೀಮುಗಳಲ್ಲಿ ಅವರು ಎಷ್ಟು ಗೋಗರೆದರೂ ಮೇಡಂ ತೆಗೆಯಲಿಲ್ಲ. ಕೀಲಿಯಣ್ಣ ಸ್ವಲ್ಪ ಹೊತ್ತು ಕರೆದು, “ಹದಿನಾಲ್ಕು ಪಾಸ್!” ಎಂದು ಕೂಗಿ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ನಟನೆ ಬರುತ್ತಿರಲಿಲ್ಲ. ಕಷ್ಟಪಟ್ಟು ತಡೆದ ನಗು ಮಾತಿನ ಕೊನೆಯಲ್ಲಿ ಸೋರಿಬಿಡುತ್ತಿತ್ತು. ಒಳಗೆ ಮಕ್ಕಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

*

ಕೀಲಿಯಣ್ಣನ ಹೆಂಡತಿ ಶವಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಿದ್ದರು. ಅತ್ತು ಅತ್ತು ದನಿ ಕಟ್ಟಿತ್ತು. ಮೇಡಂ ಹತ್ತಿರ ಬಂದದ್ದೇ ಅವರ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

“ಇವರ ಮಾತು ಕೇಳಿದವರು ನೀವೊಬ್ರೇ ಮೇಡಂ. ನಾನಂತೂ ಮದುವೆಯಾದಾಗಿಂದ ಒಂದು ದಿನ ಕೇಳಿದವಳಲ್ಲ.”

ಸುತ್ತಲಿದ್ದವರು ಅಳುವಿನ ನಡುವೆಯೇ ನಕ್ಕರು. ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ನಾನಾಗಿದ್ರೆ ತೆಗೆದುಬಿಡ್ತಿದ್ದೆ,” ಅಂದರು. “ನನ್ನ ಕೋಣೆಗೆ ಬರಲಿಲ್ಲ ಪುಣ್ಯಾತ್ಮ. ಈ ಮೇಷ್ಟ್ರು ಹೇಗೂ ತೆಗೀತಾರೆ, ಮಕ್ಕಳಿಗೆ ಅಪಾಯ ಅಂತ ಗೊತ್ತಿತ್ತೇನೋ.”

“ಸುಮ್ನಿರಿ ಮೇಷ್ಟ್ರೇ,” ಅಂದ ಹೆಂಡತಿಯ ತಮ್ಮ.

ಮೇಡಂ ಬಗ್ಗಿ, “ಅಕ್ಕಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಒಂದು ನಿಮಿಷ ಒಳಗೆ ಬನ್ನಿ,” ಅಂದರು.

“ಇವರನ್ನ ಬಿಟ್ಟು ಎಲ್ಲಿಗೆ ಬರಲಿ? ಇರೋದೇ ಇನ್ನೊಂದು ಗಂಟೆ.”

ಅಷ್ಟರಲ್ಲಿ ಹದಿನಾಲ್ಕನೇ ಕೋಣೆಯ ಮಕ್ಕಳು ಬಂದರು. ಒಬ್ಬರ ಹಿಂದೆ ಒಬ್ಬರು, ಬಾಯಿಲ್ಲದವರ ಹಾಗೆ ಸದ್ದಿಲ್ಲದೆ. ಎರಡನೇ ಬೆಂಚಿನ ಹುಡುಗಿ ಪೆಟ್ಟಿಗೆಯನ್ನು ನೋಡಲಿಲ್ಲ. ನೇರ ಮೇಡಂ ಕಾಲ ಹತ್ತಿರ ಕುಸಿದು ಕೂತಳು. ಕಣ್ಣು ಊದಿ ಮುಖ ಗುರುತು ಸಿಗುತ್ತಿರಲಿಲ್ಲ.

“ಮೇಡಂ, ಎಲ್ಲರೂ ಹೇಳ್ತಿದ್ದಾರಲ್ಲ, ಅಣ್ಣನ ಹಿಂದೆ ಅವನು ಇದ್ದ ಅಂತ. ಇದ್ದ ಅಲ್ವಾ ಮೇಡಂ? ನಿಜವಾಗ್ಲೂ ಇದ್ದ ಅಲ್ವಾ?”

ಮೇಡಂ ಕೀಲಿಯಣ್ಣನ ಹೆಂಡತಿಯ ಮುಖ ನೋಡಿದರು. ಮೂವತ್ತೇಳು ಮುಖಗಳೂ ಉತ್ತರಕ್ಕೆ ಕಾಯುತ್ತಿದ್ದವು.

“ಇದ್ದ ಕಣಮ್ಮಾ,” ಅಂದರು ಕೀಲಿಯಣ್ಣನ ಹೆಂಡತಿ. ಕೈ ಚಾಚಿ ಹುಡುಗಿಯ ತಲೆ ಸವರಿದರು. “ಹಿಂದೇನೇ ಇದ್ದ. ನೀವು ತೆಗೆದಿದ್ರೆ ಒಬ್ರೂ ಉಳೀತಿರ್ಲಿಲ್ಲ. ಎದ್ದೇಳು, ನೀರು ಕುಡಿ.”

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ತಲೆ ತಗ್ಗಿಸಿದರು. ಈ ಹೆಂಗಸು ನಂಬಿಕೊಂಡಿದ್ದಾಳೆ, ಇದನ್ನೂ ಕಿತ್ತುಕೊಳ್ಳಲೇ ಎಂದು ಒಳಗೊಳಗೇ ಬೆಂದರು.

*

ಆ ದಿನ ಮೊದಲು ಕೇಳಿಸಿದ್ದು ಕೆಳಗೆಲ್ಲೋ ಬೆಂಚು ಬಿದ್ದಂಥ ಸದ್ದು. ಆಮೇಲೆ ಇನ್ನೊಂದು. ಮತ್ತೆ ಮೊಗಸಾಲೆಯಲ್ಲಿ ಕೀಲಿಯಣ್ಣನ ದನಿ, ಓಡುತ್ತ: “ಚಿಲಕ ಹಾಕಿ! ತಾಲೀಮಲ್ಲ, ನಿಜ! ಚಿಲಕ ಹಾಕಿ!”

ಕಲಿತದ್ದು ಕೈಗೆ ತಾನಾಗಿ ಬಂತು. ಚಿಲಕ ಹಾಕಿದರು. ಮೇಜುಗಳನ್ನು ಬಾಗಿಲಿಗೆ ಒತ್ತಿದರು. ಲೈಟ್ ಆರಿಸಿ ಗೋಡೆಗೆ ಅಂಟಿ ಕೂತರು. ಕೀಲಿಯಣ್ಣನ ಹೆಜ್ಜೆ ದೂರದ ಕೋಣೆಗಳವರೆಗೂ ಹೋಯಿತು. ಒಂದೊಂದಾಗಿ ಚಿಲಕ ಬೀಳುವ ಸದ್ದು ಕೇಳಿಸಿತು. ಹೆಜ್ಜೆ ಮತ್ತೆ ವಾಪಸು ಬಂದು ಹದಿನಾಲ್ಕರ ಮುಂದೆ ನಿಂತಿತು.

“ಮೇಡಂ, ನಾನು. ಒಬ್ಬನೇ ಇದ್ದೀನಿ. ತೆಗೀರಿ.”

ಎರಡನೇ ಬೆಂಚಿನ ಹುಡುಗಿ ಮೇಡಂ ತೋಳು ಹಿಡಿದಳು. “ಅಣ್ಣಾನೇ, ಮೇಡಂ.”

“ಹಿಂದೆ ಯಾರಾದ್ರೂ ಇದ್ರೆ?” ಕತ್ತಲಲ್ಲಿ ಒಬ್ಬ ಹುಡುಗ ಅಂದ.

ಮೇಡಂ ಮೇಜುಗಳ ಕೆಳಗೆ ತೆವಳಿ ಬಾಗಿಲು ಮುಟ್ಟಿದರು. ಚಿಲಕದ ಮೇಲೆ ಕೈಯಿಟ್ಟರು. ಗಾಜಿಗೆ ಕಪ್ಪು ಕಾಗದ. ಹೊರಗಿನದು ಏನೂ ಕಾಣದು. ಮಾತಿನ ಕೊನೆಯಲ್ಲಿ ನಗು ಇರಲಿಲ್ಲ. ಇದು ನಿಜ ಎಂದು ಗೊತ್ತಾಗಲು ಅಷ್ಟೇ ಸಾಕಿತ್ತು. ಆದರೆ ಒಬ್ಬರೇ ಇದ್ದಾರೋ ಇಲ್ಲವೋ, ಅದು ಗೊತ್ತಾಗುವುದು ಹೇಗೆ? ಹಿಂದೆ ಮೂವತ್ತೇಳು ಮಕ್ಕಳ ಉಸಿರು ಕೇಳುತ್ತಿತ್ತು.

“ಮೇಡಂ?”

ಚಿಲಕ ಹಿಡಿದ ಕೈ ಅತ್ತಲೂ ಸರಿಯಲಿಲ್ಲ, ಇತ್ತಲೂ ಸರಿಯಲಿಲ್ಲ.

“ಸರಿ ಮೇಡಂ,” ಅಂದರು ಕೀಲಿಯಣ್ಣ. ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. ಹೆಜ್ಜೆಗಳು ಮೆಟ್ಟಿಲ ಕಡೆ ಹೋದವು. ಒಬ್ಬರದೇ ಹೆಜ್ಜೆ. ಹೋಗುವಾಗ ಅದು ಎಷ್ಟು ಸ್ಪಷ್ಟವಾಗಿ ಕೇಳಿಸಿತು! ಮೇಡಂ ಚಿಲಕ ಎಳೆಯುವಷ್ಟರಲ್ಲಿ ಮೆಟ್ಟಿಲ ಬಳಿ ಎರಡು ಗುಂಡಿನ ಸದ್ದು. ಎಳೆಯುತ್ತಿದ್ದ ಚಿಲಕವನ್ನು ಮತ್ತೆ ಒಳಕ್ಕೆ ತಳ್ಳಿ, ಎರಡೂ ಕೈಯಿಂದ ಒತ್ತಿ ಹಿಡಿದು, ಪೊಲೀಸರು ಬರುವವರೆಗೂ ಅಲ್ಲೇ ಕೂತರು.

*

ಮಣ್ಣು ಮಾಡುವ ಜಾಗದಲ್ಲಿ ಜನ ಬಹಳ ಸೇರಿದ್ದರು. ಪೆಟ್ಟಿಗೆ ಹಗ್ಗದಲ್ಲಿ ಗುಂಡಿಗೆ ಇಳಿಯಿತು. ಕೀಲಿಯಣ್ಣನ ಹೆಂಡತಿ ತಮ್ಮನ ಹೆಗಲು ಬಿಟ್ಟು, ಮೇಡಂ ತೋಳಿಗೆ ತೋಳು ಸೇರಿಸಿ ಅಂಚಿಗೆ ಬಂದರು. ಇನ್ನು ಹೇಳದಿದ್ದರೆ ಜನ್ಮದಲ್ಲಿ ಹೇಳಲಾರೆ ಅನ್ನಿಸಿತು ಮೇಡಂಗೆ.

“ಅಕ್ಕಾ, ಹಿಂದೆ ಯಾರೂ ಇರ್ಲಿಲ್ಲ.”

“ಗೊತ್ತು.”

ಮೇಡಂ ತಿರುಗಿ ನೋಡಿದರು. ಆ ಹೆಂಗಸು ಗುಂಡಿಯನ್ನೇ ನೋಡುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು.

“ಪೊಲೀಸರು ನನಗೂ ತೋರಿಸಿದ್ರು. ಒಬ್ರೇ ನಿಂತಿದ್ರು. ಹೋಗುವಾಗ ಬಾಗಿಲಿನ ಮೇಲೆ ಒಂದ್ಸಲ ಕೈ ಇಟ್ರು, ನೋಡಿದ್ರಾ?”

“ನೋಡಿದೆ.”

“ಆ ಮಕ್ಕಳ ಮುಂದೆ ಹೇಳ್ಬೇಡಿ. ಅವು ಇನ್ನೂ ಬಹಳ ವರ್ಷ ಬದುಕಬೇಕು.”

“ನನ್ನನ್ನ ಬೈದುಬಿಡಿ, ಅಕ್ಕಾ. ಏನಾದ್ರೂ ಅನ್ನಿ.”

“ಬೈಯೋಣ ಅಂತಲೇ ನಿನ್ನೆಯಿಂದ ಕಾಯ್ತಿದ್ದೆ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋಣ ಅಂದ್ರೆ ಇವರೇ ಅಡ್ಡ ಬರ್ತಾರೆ. ಇವರ ಮೇಲೆ ಮಾಡ್ಕೊಳ್ಳೋಣ ಅಂದ್ರೆ ಇವರು ಇಲ್ಲ.” ದನಿ ಒಡೆಯಿತು. “ಮನ್ನಿಸಿದ್ದೀನಿ ಅಂತ ತಿಳ್ಕೋಬೇಡಿ. ನನಗೇನೂ ಗೊತ್ತಾಗ್ತಿಲ್ಲ.”

ಹಿಂದಿನಿಂದ ಯಾರೋ ಮೆಲ್ಲಗೆ ಕೆಮ್ಮಿದರು. ಕೀಲಿಯಣ್ಣನ ಹೆಂಡತಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೇಡಂ ಕೈಗೆ ಹಾಕಿದರು. ಎಲ್ಲರಿಗೂ ಕೇಳುವಂತೆ, “ಮೊದಲು ನೀವು ಹಾಕಿ, ಮೇಡಂ,” ಅಂದರು.

ಮೇಡಂ ಕೈ ಚಾಚಿದರು. ಮುಷ್ಟಿ ಗುಂಡಿಯ ಮೇಲೆ ಬಂತು. ಅಲ್ಲೇ ನಿಂತಿತು. ಬಿಚ್ಚಲಿಲ್ಲ.

“ಬಿಡಿ ಮೇಡಂ,” ಅಂದ ತಮ್ಮ. “ಕೈ ಬಿಡಿ.”

ಬೆರಳುಗಳು ಬಿಳಿಚಿಕೊಂಡಿದ್ದವು. ಕೀಲಿಯಣ್ಣನ ಹೆಂಡತಿ ಆ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸತೊಡಗಿದರು. ಒಂದನ್ನು ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಮಡಚಿಕೊಳ್ಳುತ್ತಿತ್ತು. ಹಿಂದೆ ಮೂವತ್ತೇಳು ಮಕ್ಕಳು ತಮ್ಮ ತಮ್ಮ ಹಿಡಿಮಣ್ಣು ಹಿಡಿದು ಸಾಲಾಗಿ ಕಾಯುತ್ತ ನಿಂತಿದ್ದರು.