ಪರದೆಯ ಅಂಚಿನ ದನಿ

ಬ್ಯಾಡಗಿಯ ಹೊರಗಿರುವ ಶಂಭುಲಿಂಗನ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಕೊಳ್ಳುವ ವ್ಯಾಪಾರಿ ಬಂದರೆ ಸಾಕು, ಆಚೆ ಕಡೆಯ ಸ್ಟೋರೇಜಿನವರು ಅವನಿಗೆ ಫೋನು ಮಾಡಿ ತಮ್ಮತ್ತ ಕರೆದುಬಿಡುತ್ತಿದ್ದರು. ಗೇಟಿನ ಕೊಟ್ರೇಶ ಬಂದವರ ಹೆಸರನ್ನು ಒಳಗೆ ತಿಳಿಸುತ್ತಿದ್ದುದು ವಾಕಿಟಾಕಿಯಲ್ಲಿ. ಆ ಮಾತನ್ನು ಯಾರೋ ಕದ್ದು ದಾಟಿಸುತ್ತಿದ್ದಾರೆಂಬ ಗುಮಾನಿ ಶಂಭುಲಿಂಗನಿಗೆ ಹತ್ತಿತು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಅಣ್ಣನ ಮಗಳು ಸ್ನೇಹಾಳನ್ನು ಕರೆಸಿದ.

ಸ್ನೇಹಾ ಪೆನ್‌ಡ್ರೈವಿನಷ್ಟೇ ಇದ್ದ ರೇಡಿಯೊ ರಿಸೀವರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಸುತ್ತಲಿನ ರೇಡಿಯೊ ಚಾನೆಲ್ಲುಗಳು ಪರದೆಯ ಮೇಲೆ ಗೆರೆಗಳಾಗಿ ಮೂಡಿದವು. ತಮ್ಮ ಚಾನೆಲ್ಲನ್ನು ಬಲಗಡೆ ಪರದೆಯಾಚೆ ಬಿಟ್ಟು ಉಳಿದದ್ದನ್ನು ಜಾಲಾಡಿದಳು. ಎಡ ಅಂಚಿನಲ್ಲಿ ತೆಳ್ಳನೆಯ ಗೆರೆಯೊಂದು ಎದ್ದಿತು. ಕೇಳಿದರೆ ಕೊಟ್ರೇಶನದೇ ದನಿ.

"ಕಾಕಾ, ನಮ್ಮ ಮಾತು ಬ್ಯಾರೆ ಚಾನೆಲ್‌ನ್ಯಾಗೂ ಹೊಂಟೈತಿ. ಯಾರೋ ಹೊಳ್ಳಿ ಬಿಡಾಕತ್ತಾರ."

ವಾಕಿಟಾಕಿ ರಿಪೇರಿ ಮಾಡುವ ಹಾವೇರಿಯ ಅಬ್ದುಲಗನಿ ಹಿಂದಿನ ವಾರವಷ್ಟೇ ಮಾಳಿಗೆ ಹತ್ತಿ ಆಂಟೆನಾ ಬದಲಿಸಿದ್ದ. ಒಬ್ಬನೇ ಬಹಳ ಹೊತ್ತು ಮೇಲಿದ್ದ. ಶಂಭುಲಿಂಗ ಅವನಿಗೆ ಹೇಳಿಕಳಿಸಿದ. ಯಾವಾಗಲೂ 'ಗನಿಸಾಹೇಬ್ರ' ಎನ್ನುತ್ತಿದ್ದವನು ಅಂದು ಹಮಾಲರ ಎದುರೇ ಗದರಿದ: "ಮ್ಯಾಲ ಏನ್ ಕೂಡ್ಸಿ ಹೋಗೀದಿ, ಕಳ್ಳಾ?"

ಅಬ್ದುಲಗನಿಯ ಮುಖ ಕಪ್ಪಿಟ್ಟಿತು. "ಹತ್ತಿ ನೋಡ್ರಿ," ಎಂದನಷ್ಟೇ.

ಎಲ್ಲರೂ ಹತ್ತಿ ನೋಡಿದರು. ಆಂಟೆನಾ ಬಿಟ್ಟರೆ ಏನೂ ಇರಲಿಲ್ಲ. "ಬಿಚ್ಚಿ ಒಯ್ದಿರ್ತಾನ," ಎಂದು ಶಂಭುಲಿಂಗ ಗೊಣಗಿದ. ಸ್ನೇಹಾಳಿಗೂ ಹಾಗೆಯೇ ಅನಿಸಿತು.

ಕೆಳಗೆ ಬಂದು, ಇನ್ನಷ್ಟು ಅಗಲಕ್ಕೆ ಹುಡುಕೋಣವೆಂದು ಅವಳು ರಿಸೀವರು ಸಿಗ್ನಲ್ ಅಳೆಯುವ ವೇಗವನ್ನು, ಅಂದರೆ ಸ್ಯಾಂಪಲಿಂಗ್ ರೇಟನ್ನು, ಏರಿಸಿದಳು. ಕೊಟ್ರೇಶ ಮಾತಾಡುತ್ತಿದ್ದಂತೆಯೇ ಎಡಗಡೆಯ ಗೆರೆ ಮಾಯವಾಯಿತು. ಬಲತುದಿಯಲ್ಲಿ ತಮ್ಮದೇ ಚಾನೆಲ್ ಕಾಣಿಸಿಕೊಂಡಿತು. ಇಳಿಸಿದಳು, ಎಡಗಡೆಯ ಗೆರೆ ಮತ್ತೆ ಬಂತು.

"ಕಾಕಾ, ತಪ್ಪಾತು. ಈ ರಿಸೀವರು ಸೆಕೆಂಡಿಗೆ ಎಷ್ಟು ಸಲ ಸಿಗ್ನಲ್ ಅಳಿತೈತೋ ಅಷ್ಟ ಅಗಲ ಕಾಣಸ್ತೈತಿ. ಅದ್ರಾಗೂ ಅಂಚು ನಂಬಾಕ ಬರೂದಿಲ್ಲ. ಬಲಕ್ಕ ಹೊರಗಿದ್ದ ನಮ್ಮ ಚಾನೆಲ್ಲ ಎಡಕ್ಕ ಹೊಕ್ಕಂಗ ಕಂಡೈತಿ. ಎರಡನೇ ದನಿ ಇರ್ಲೇ ಇಲ್ಲ."

"ಮತ್ತ ಅವ್ರಿಗೆ ಸುದ್ದಿ ಹ್ಯಾಂಗ ಮುಟ್ಟತೈತಿ?"

"ಇಂಥಾ ವಾಕಿಟಾಕಿ ಇದ್ದವ್ರು ಯಾರ ಬೇಕಾದ್ರೂ ಕೇಳಬೌದ್ರಿ," ಎಂದ ಅಬ್ದುಲಗನಿ. ಆಮೇಲೆ ಸ್ನೇಹಾಳ ಕಡೆ ತಿರುಗಿದ. "ಕಳ್ಳ ಅಂದದ್ದನ್ನ ಎಲ್ಲಾರೂ ಕೇಳ್ಯಾರವ್ವಾ. ತಪ್ಪಾತು ಅಂದದ್ದನ್ನೂ ಕೇಳ್ಲಿ."

ಸ್ನೇಹಾ ವಾಕಿಟಾಕಿ ಎತ್ತಿಕೊಂಡಳು.

"ಬ್ಯಾಡ, ಆಚಿಯವ್ರು ಕೇಳ್ತಾರ!" ಎಂದು ಶಂಭುಲಿಂಗ ಕೈ ಚಾಚಿದ.

ಅವಳು ಗುಂಡಿ ಒತ್ತಿಬಿಟ್ಟಳು. "ಎಲ್ಲಾರೂ ಕೇಳ್ರಿ. ಗನಿ ಚಾಚಾರದು ಏನೂ ತಪ್ಪಿಲ್ಲ. ನಾನ ತಪ್ಪು ತಿಳ್ಕೊಂಡಿದ್ದೆ."

"ಕೇಳಿಸ್ತ್ರಿ ಅಕ್ಕಾರ," ಗೇಟಿನಿಂದ ಕೊಟ್ರೇಶನ ದನಿ ಬಂತು.

ಅಬ್ದುಲಗನಿ ತನ್ನ ಚೀಲ ಹೆಗಲಿಗೇರಿಸಿದ. "ಇನ್ನ ರಿಪೇರಿಗೆ ಬ್ಯಾರೆಯವ್ರನ್ನ ಕರಸ್ಕೋರಿ," ಎಂದು ಹೇಳಿ ಹೊರಟ. ಸ್ನೇಹಾ ಗೇಟಿನವರೆಗೂ ಹಿಂದೆ ಹೋದಳು. ಅವನು ತಿರುಗಿ ನೋಡಲಿಲ್ಲ.

ಒಳಗೆ ಬಂದಾಗ ಶಂಭುಲಿಂಗ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ: "ಈ ಕೊಟ್ರೇಶನ ಮ್ಯಾಲ ನಿನಗೇನರ ಗುಮಾನಿ ಐತೇನ?"

ಸ್ನೇಹಾ ಲ್ಯಾಪ್‌ಟಾಪ್ ಮುಚ್ಚಿ, ರಾಣೆಬೆನ್ನೂರಿನ ಬಸ್ಸು ಹಿಡಿಯಲು ನಡೆದಳು.