ಬೀಗವಿಲ್ಲದ ಅಚ್ಚುಮನೆ

ಕಂದು ಹೊಳೆಯೊಂದು ಸಮುದ್ರ ಸೇರುವ ಸೀಮೆಯಲ್ಲಿ, ಬಹಳ ಹಿಂದೇನೂ ಅಲ್ಲ, ಹನ್ನೆರಡು ಪುಸ್ತಕದ ಮನೆಗಳಿದ್ದವಂತೆ. ಆ ಮನೆಗಳ ಪಂಡಿತರು ಬರೆದದ್ದನ್ನು ಒಬ್ಬ ವರ್ತಕ ಪುಕ್ಕಟೆ ಒಯ್ದು, ಅದೇ ಮನೆಗಳಿಗೆ ದುಬಾರಿ ಬೆಲೆಗೆ ಮಾರುತ್ತಿದ್ದನಂತೆ. ಬೇಸತ್ತ ಮನೆಯವರೆಲ್ಲ ಕೂಡಿ ತಮ್ಮದೇ ಒಂದು ಅಚ್ಚುಮನೆ ಕಟ್ಟಿದರು. ಅದನ್ನು ನೋಡಿಕೊಳ್ಳಲು ಒಬ್ಬ ಕುಶಲಕರ್ಮಿಯನ್ನಿಟ್ಟರು. ಬಾಗಿಲ ಮೇಲೆ ಬರೆಸಿದರು: ಕೊಟ್ಟವರಿಗೂ ಕೊಡದವರಿಗೂ ಈ ಬಾಗಿಲು ಒಂದೇ.

ಆ ಸಾಲು ಬರೆದವಳು ಮಾಂಕ್ಟನ್ ಎಂಬ ಊರಿನ ಕಾಲೇಜೊಂದರ ಗ್ರಂಥಪಾಲಕಿ ಓಡೀಲ್ ಗೋದೆ. ಅಚ್ಚುಮನೆಯೆಂದರೆ ಮಸಿ, ಅಚ್ಚುಮೊಳೆಗಳದ್ದಲ್ಲ. ವಿದ್ವತ್ ಪತ್ರಿಕೆಗಳನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದಿಡುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ತಂತ್ರಾಂಶ. ಕುಶಲಕರ್ಮಿಯೆಂದರೆ ಐವರ್ ಪೆನ್ನಿ, ನ್ಯೂಫೌಂಡ್‌ಲ್ಯಾಂಡಿನವನು. ಹನ್ನೆರಡು ಗ್ರಂಥಾಲಯಗಳೂ ವಂತಿಗೆ ಹಾಕಿ ಅವನಿಗೆ ಸಂಬಳ ಕೊಡುತ್ತಿದ್ದವು.

ವಸಂತದ ಸಭೆಯಲ್ಲಿ ಒಂದು ವಾಡಿಕೆ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರಾಗಿ ಬರುವ ವರ್ಷದ ತಮ್ಮ ಪಾಲು ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಗ್ರಂಥಾಲಯದ ಮಾರ್ಲೀನ್ ಕ್ರೋವೆಲ್ ಮೊದಲು. ಈ ಸಲ ಅವರು ಐವರ್‌ನ ಕೆಲಸವನ್ನು ಬಾಯಿತುಂಬ ಹೊಗಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಈ ವರ್ಷ ನಮ್ಮ ಕೈಲಿ ಆಗಲ್ಲ. ಹೇಗಿದ್ರೂ ಕೊಡದೇ ಇರೋರಿಗೂ ಬಾಗಿಲು ತೆಗ್ದೇ ಇರುತ್ತಲ್ಲ, ಓಡೀಲ್? ನೀನೇ ಬರ್ದಿದ್ದು," ಎಂದರು.

ಉಳಿದವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಹರಡಿತು. ಮುಂದಿನವರೂ ಅದನ್ನೇ ಅಂದರು, ಅವರ ಮುಂದಿನವರೂ. ಕೊನೆಗೆ ಎಲ್ಲರೂ ಎದ್ದು ನಿಂತು ಐವರ್‌ಗೆ ಚಪ್ಪಾಳೆ ತಟ್ಟಿದರು. ಮುಂದಿನ ವಿಷಯ, ಕಥೆಯ ವರ್ತಕನಾದ ದೊಡ್ಡ ಪ್ರಕಾಶನ ಕಂಪನಿಯ ಚಂದಾ ಏರಿಕೆ. ಗೊಣಗಾಡಿದರು, ಒಪ್ಪಿದರು. ಕಟ್ಟದಿದ್ದರೆ ಕಂಪನಿ ಅದೇ ದಿನ ತಮ್ಮ ಮುಖಕ್ಕೆ ಬಾಗಿಲು ಹಾಕುತ್ತದೆ, ಯಾರಿಗೂ ಅದರಲ್ಲಿ ಅನುಮಾನವಿರಲಿಲ್ಲ.

ಹೊರಗೆ ಕರಗುವ ಹಿಮದಲ್ಲಿ ಓಡೀಲ್ ಜೊತೆ ನಿಂತು ಐವರ್ ಸಿಗರೇಟು ಹಚ್ಚಿದ. "ಬದುಕಿದ್ದಾಗ್ಲೇ ಇಷ್ಟು ಒಳ್ಳೆ ಮಾತು ಕೇಳೋ ಭಾಗ್ಯ ಯಾರಿಗಿದೆ ಹೇಳು," ಎಂದ. "ಹೆಣ ಹೊರೋಕಾದ್ರೂ ಬರ್ತಾರೋ, ಅದನ್ನೂ ಚಪ್ಪಾಳೇಲೇ ಮುಗಿಸ್ತಾರೋ."

ಸಂಬಳ ನಿಂತು ಐವರ್‌ನ ಕೆಲಸ ಹೋಯಿತು. ನೋಡಿಕೊಳ್ಳುವವನಿಲ್ಲದೆ ಆ ತಂತ್ರಾಂಶ ನಡೆಸುವ ಯಂತ್ರವನ್ನು ಇಟ್ಟುಕೊಳ್ಳಲು ಕಾಲೇಜಿನ ಕಂಪ್ಯೂಟರ್ ವಿಭಾಗ ಒಪ್ಪಲಿಲ್ಲ. ಕ್ರೋವೆಲ್ ಅವರೇ ಮುಂದೆ ನಿಂತು ಪತ್ರಿಕೆಗಳನ್ನೆಲ್ಲ ಅದೇ ಕಂಪನಿಗೆ ಒಪ್ಪಿಸುವ ಏರ್ಪಾಡು ಮಾಡಿದರು. ಅದಕ್ಕೆ ಕಂಪನಿ ಕೇಳಿದ ಹಣ ಐವರ್‌ನ ಸಂಬಳಕ್ಕಿಂತ ಹೆಚ್ಚು. ಅದು ಹೇಗೋ ಸಿಕ್ಕಿತು. ಕರಾರಿನ ಪ್ರಕಾರ ಜೂನ್ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಪ್ರಕಟವಾದದ್ದು ಎಂದೆಂದಿಗೂ ಉಚಿತ. ಆಮೇಲಿನದಕ್ಕೆ ದುಡ್ಡು.

ಓಡೀಲ್‌ಗೆ ಲೆಯೋನ್ಸ್ ದ್ವಾರೋಂ ಮೇಷ್ಟ್ರ ನೆನಪು ಚುಚ್ಚಿತು. ಕರಾವಳಿಯ, ಫ್ರೆಂಚ್ ಮಾತಾಡುವ ಅಕೇಡಿಯನ್ ಜನರ ಮಾತು, ಕಸುಬುಗಳ ಬಗ್ಗೆ ಮೇಷ್ಟ್ರು ಸಂಬಳವಿಲ್ಲದೆ ಜೀವಮಾನವೆಲ್ಲ ಒಂದು ಪತ್ರಿಕೆ ನಡೆಸಿದ್ದರು. ಹಿಂದೊಮ್ಮೆ ಕಂಪನಿ ಅದನ್ನು ಕೊಳ್ಳಲು ಬಂದಾಗ, ಕೊಡಬೇಡಿ, ನಿಮ್ಮ ಪ್ರತಿ ಸಂಚಿಕೆಯನ್ನೂ ಬೀಗವಿಲ್ಲದೆ ತರುವ ಹೊಣೆ ನನ್ನದು ಎಂದು ಅವಳು ಮಾತು ಕೊಟ್ಟಿದ್ದಳು. ಈಗ ಅವರು ಹಾಸಿಗೆ ಹಿಡಿದಿದ್ದರು. ಮೀನು ಕಾರ್ಖಾನೆಯ ಹೆಂಗಸರ ಮಾತುಗಳ ಕೊನೆಯ ಸಂಚಿಕೆ ಸಿದ್ಧವಾಗಿತ್ತು, ಒಂದು ಲೇಖನ ಬಿಟ್ಟು.

ಅವರ ಪತ್ರಿಕೆಗೊಂದು ನಿಯಮವಿತ್ತು. ಯಾರ ಮಾತು ಅಚ್ಚಾಗುತ್ತದೋ ಅವರೆದುರು ಕೂತು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು. ಕಾಪ್-ಪೆಲೆಯ ವೃದ್ಧಾಶ್ರಮದಲ್ಲಿದ್ದ ಝೆಲೀ ಎಂಬ ಮುದುಕಿಗೆ ಮಾತ್ರ ಓದಿ ಹೇಳುವುದು ಉಳಿದಿತ್ತು. ಅಲ್ಲಿ ಜ್ವರ ಹಬ್ಬಿ, ಅದೇ ಶುಕ್ರವಾರ ಮಧ್ಯಾಹ್ನದ ತನಕ ಹೊರಗಿನವರನ್ನು ಬಿಡುತ್ತಿರಲಿಲ್ಲ. ಓಡೀಲ್ ಮೇಷ್ಟ್ರಿಗೆ ಫೋನು ಮಾಡಿ, ಈಗ ಹಾಕಿಬಿಡೋಣ, ಆಮೇಲೆ ಹೋಗಿ ಓದಿ ಹೇಳುತ್ತೇನೆ ಎಂದು ಬೇಡಿಕೊಂಡಳು.

"ಅವಳ ಮಾತು ಅವಳಿಗೇ ಕೇಳಿಸ್ದೆ ಹಾಕೋದಾಗಿದ್ರೆ ಅವತ್ತೇ ಆ ಕಂಪನಿಗೆ ಕೊಡ್ತಿದ್ದೆ, ಮಗಳೇ," ಎಂದರು ಮೇಷ್ಟ್ರು. ಕೆಮ್ಮು ನಿಲ್ಲಲು ಹೊತ್ತಾಯಿತು. "ಬೀಗ ಹಾಕಲ್ಲ ಅಂದಿದ್ದೆ ನೀನು. ಮನೇನೇ ಮಾರ್ತೀರಿ ಅಂತ ಹೇಳಿರ್ಲಿಲ್ಲ."

ಶುಕ್ರವಾರ ಮಧ್ಯಾಹ್ನ ಓಡೀಲ್ ಕಾಪ್-ಪೆಲೆಗೆ ಹೋದಳು. ಬಾಗಿಲಲ್ಲಿ ನರ್ಸ್ ಕಾಯಿಸಿದಳು, ಮುಖಗವಸು ಕೊಟ್ಟಳು, ಅಜ್ಜಿ ಮಲಗಿದ್ದಾರೆಂದು ಮತ್ತೆ ಕಾಯಿಸಿದಳು. ಝೆಲೀ ಎದ್ದು ಕೂರುವ ಹೊತ್ತಿಗೆ ನಾಲ್ಕು ದಾಟಿತ್ತು. ಓಡೀಲ್ ಅವಸರವನ್ನು ನುಂಗಿಕೊಂಡು ಓದತೊಡಗಿದಳು. ಉಪ್ಪುನೀರಿಗೆ ಬಿರಿದ ಬೆರಳು, ಮೀನೊಣಗಿಸುವ ಹೊಗೆಮನೆಯ ಕಣ್ಣುರಿ, ಹೆರಿಂಗ್ ಮೀನು ಪೋಣಿಸುವ ಕೋಲು. ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಕೊನೆಯ ಸಾಲಿಗೆ ಕೈಯೆತ್ತಿದಳು.

"ನಗ್ನಗ್ತಾ ಕೆಲಸ ಮಾಡ್ತಿದ್ವಿ ಅಂತಿದೆಯಲ್ಲ, ಅದನ್ನ ತೆಗಿ."

"ನೀವೇ ಹೇಳಿದ್ದಂತೆ, ಅಜ್ಜಿ. ಧ್ವನಿಮುದ್ರಣದಲ್ಲಿದೆ."

"ಹೇಳಿದ್ದೆ. ಬರ್ಕೊಳ್ಳೋಕೆ ಬಂದಿದ್ದ ಹುಡುಗಿ ಅಷ್ಟು ದೂರದಿಂದ ಬಂದಿದ್ಲು, ಪಾಪ. ಬೇಜಾರು ಮಾಡ್ಕೋತಾಳೆ ಅಂತ ಹೇಳ್ದೆ. ಯಾರೂ ನಗ್ತಿರ್ಲಿಲ್ಲ," ಎಂದಳು.

ಓಡೀಲ್ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಆ ಸಾಲು ಅಳಿಸಿದಳು. ಉಳಿದದ್ದನ್ನು ಇನ್ನೊಮ್ಮೆ ಓದಿದಳು. ಮುದುಕಿ ಹೂಂ ಅಂದಳು.

ಅಷ್ಟರಲ್ಲಿ ಸಂಜೆಯ ಊಟ ಬಂತು. ಓಡೀಲ್ ಪ್ರಕಟಣೆಯ ಗುಂಡಿ ಒತ್ತಿದಳು. ಪರದೆ ಒಂದು ಗಳಿಗೆ ಬಿಳಿಚಿಕೊಂಡು, ಸಂಚಿಕೆ ಎಲ್ಲರಿಗೂ ತೆರೆದುಕೊಂಡಿತು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೇಷ್ಟ್ರಿಗೆ ಹೇಳಲು ಫೋನು ಕೈಗೆತ್ತಿಕೊಂಡವಳು ಮುದುಕಿಯ ಬೆರಳುಗಳನ್ನು ನೋಡುತ್ತ ಕೂತಳು. ಪಕ್ಕದಲ್ಲಿ ಝೆಲೀ, ಆಶ್ರಮದವರು ಬೇಯಿಸಿ ಹಿಸುಕಿ ಕೊಟ್ಟಿದ್ದ ಮೀನಿನಲ್ಲಿ ಬೆರಳಾಡಿಸುತ್ತ, ಇಲ್ಲದ ಮುಳ್ಳುಗಳನ್ನು ಹುಡುಕುತ್ತಿದ್ದಳು.